ಶಾಲೆಯಿಂದ ಸೆನೆಟ್‌ಗೆ: ಅಕೇಡಿಯನ್ನರ ನಾಡಿನಲ್ಲಿ ಒಂದು ಆಗಸ್ಟ್ 15

ಆಗಸ್ಟ್ 15 ನಮಗೆ ಸ್ವಾತಂತ್ರ್ಯ ದಿನ. ಕೆನಡಾದ ಪೂರ್ವ ಕರಾವಳಿಯಲ್ಲಿ ಫ್ರೆಂಚ್ ಮಾತನಾಡುವ ಅಕೇಡಿಯನ್ನರಿಗೆ ಅದು ರಾಷ್ಟ್ರೀಯ ಹಬ್ಬ. 1881ರಲ್ಲಿ ಮೆಮ್ರಾಮ್‌ಕುಕ್‌ನಲ್ಲಿ ಸೇರಿದ ಸಮಾವೇಶದಲ್ಲಿ ಅವರು ಈ ದಿನವನ್ನು ಆರಿಸಿಕೊಂಡರು. ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಮಾಂಕ್ಟನ್ ನಗರದಲ್ಲಿ ನೆಲೆಸಿರುವ ನನ್ನನ್ನು ಪಕ್ಕದ ಮನೆಯ ನಿವೃತ್ತ ಶಿಕ್ಷಕರೊಬ್ಬರು, ಹಬ್ಬವನ್ನು ಕಾರಾಕೆಟ್‌ನಲ್ಲಿಯೇ ನೋಡಬೇಕೆಂದು ಹೊರಡಿಸಿದರು. ನಾನು ಅವರನ್ನು ಮನಸ್ಸಿನಲ್ಲಿ ಮೇಷ್ಟ್ರು ಎಂದೇ ಕರೆಯುವುದು. ಮೆರವಣಿಗೆ ನೋಡಲು ಹೊರಟ ನಾನು ದಾರಿಯುದ್ದಕ್ಕೂ ಕೇಳಿದ್ದು ಮಾತ್ರ ಶಾಲೆಗಳ ಕಥೆಯನ್ನು, ಮತ್ತು ಆ ಶಾಲೆಗಳಿಂದ ರಾಜಧಾನಿ ಒಟ್ಟಾವಾದಲ್ಲಿರುವ ಸೆನೆಟ್‌ವರೆಗೆ, ಅಂದರೆ ಕೆನಡಾ ಸಂಸತ್ತಿನ ಮೇಲ್ಮನೆಯವರೆಗೆ, ಹೋದ ಒಬ್ಬ ಶಿಕ್ಷಕಿಯ ಕಥೆಯನ್ನು.

ಮಧ್ಯಾಹ್ನದ ಹೊತ್ತಿಗೆ ಟ್ರಕಾಡಿ ತಲುಪಿದೆವು. ಕುಷ್ಠರೋಗಿಗಳ ಆಸ್ಪತ್ರೆಯಿದ್ದ ಊರೆಂದು ಪುಸ್ತಕಗಳಲ್ಲಿ ಓದಿದ್ದೆ. ಆ ರೋಗಿಗಳ ಆರೈಕೆಗೆಂದು 1868ರಲ್ಲಿ ಮಾಂಟ್ರಿಯಲ್‌ನಿಂದ ಬಂದ ಸನ್ಯಾಸಿನಿಯರು ಮುಂದೆ ಹೆಣ್ಣುಮಕ್ಕಳಿಗೆ ಪಾಠ ಹೇಳುವ ಕೆಲಸವನ್ನೂ ಕೈಗೆತ್ತಿಕೊಂಡರು. 1912ರಲ್ಲಿ ಎದ್ದ ಸೇಂಟ್ ಫಮಿ ಅಕಾಡೆಮಿಯ ಎತ್ತರದ ಕಟ್ಟಡ ಈಗಲೂ ಇದೆ, ಊರಿನ ಇತಿಹಾಸದ ವಸ್ತುಸಂಗ್ರಹಾಲಯ ಅದರೊಳಗಿದೆ. ಕಾರಿನಿಂದ ಇಳಿದು ಅದರ ಮುಂದೆ ನಿಂತಾಗ ಮೇಷ್ಟ್ರು, "ನಮ್ಮ ಸಂಘದ ಅಧ್ಯಕ್ಷೆ ಇದೇ ಊರಿನವರು" ಎಂದರು. ಅವರು ಹೇಳಿದ್ದು ರೋಸ್-ಮರೀ ಲೋಸಿಯೆ-ಕೂಲ್ ಅವರ ಬಗ್ಗೆ.

1937ರಲ್ಲಿ ಟ್ರಕಾಡಿಯಲ್ಲಿ ಹುಟ್ಟಿದ ಲೋಸಿಯೆ-ಕೂಲ್, ಬ್ಯಾಥರ್ಸ್ಟ್ ಪಟ್ಟಣದ ಪ್ರೌಢಶಾಲೆಯಲ್ಲಿ ಬಹುಕಾಲ ಪಾಠ ಹೇಳಿದವರು. ನ್ಯೂ ಬ್ರನ್ಸ್‌ವಿಕ್‌ನ ಫ್ರೆಂಚ್ ಭಾಷಿಕ ಶಿಕ್ಷಕರ ಸಂಘಕ್ಕೆ ಅಧ್ಯಕ್ಷರಾದ ಮೊದಲ ಮಹಿಳೆ. 1995ರ ಮಾರ್ಚ್‌ನಲ್ಲಿ ಪ್ರಧಾನಿ ಜಾನ್ ಕ್ರೆಟಿಯೆನ್ ಅವರ ಸಲಹೆಯ ಮೇರೆಗೆ ಅವರು ಸೆನೆಟ್‌ಗೆ ನೇಮಕವಾದರು. 1999ರಲ್ಲಿ ಅಲ್ಲಿನ ಉಪಸಭಾಪತಿಯಾದರು, 2004ರಿಂದ 2006ರವರೆಗೆ ಆಡಳಿತ ಪಕ್ಷದ ಮುಖ್ಯ ಸಚೇತಕರಾಗಿದ್ದರು. ಗದ್ದಲದ ತರಗತಿಯನ್ನು ಹತೋಟಿಗೆ ತರುವವರಿಗೆ ಸಚೇತಕರ ಕೆಲಸ ಹೊಸದೇನೂ ಆಗಿರಲಿಕ್ಕಿಲ್ಲ ಎಂದು ನಾನು ಅಂದಾಗ ಮೇಷ್ಟ್ರು ನಗಲಿಲ್ಲ. ಶಿಕ್ಷಕಿಯೊಬ್ಬರು ರಾಜಕೀಯಕ್ಕೆ "ಹೋದರು" ಎಂಬ ನನ್ನ ಮಾತನ್ನೇ ಅವರು ಒಪ್ಪಲಿಲ್ಲ. ಅಕೇಡಿಯನ್ನರ ಪಾಲಿಗೆ ಶಾಲೆಯೇ ಮೊದಲಿನಿಂದಲೂ ರಾಜಕೀಯ ಎಂಬುದು ಅವರ ವಾದ.

ಟ್ರಕಾಡಿಯಿಂದ ಕಾರಾಕೆಟ್‌ಗೆ ಹೋಗುವ ದಾರಿಯಲ್ಲಿ ಅವರು ಆ ವಾದವನ್ನು ಬಿಡಿಸಿ ಹೇಳಿದರು. 1755ರಲ್ಲಿ ಬ್ರಿಟಿಷರು ಅಕೇಡಿಯನ್ನರನ್ನು ಅವರ ನೆಲದಿಂದ ಹಡಗು ಹತ್ತಿಸಿ ಚದುರಿಸಿದ ಮೇಲೆ, ತಿರುಗಿ ಬಂದವರು ಈ ಕರಾವಳಿಯಲ್ಲಿ ಮೀನು ಹಿಡಿದುಕೊಂಡು, ಚರ್ಚನ್ನು ನಂಬಿಕೊಂಡು ಬದುಕು ಕಟ್ಟಿಕೊಂಡರು. 1871ರಲ್ಲಿ ಪ್ರಾಂತ್ಯದ ಸರ್ಕಾರ ಹೊಸ ಶಾಲಾ ಕಾನೂನನ್ನು ತಂದು, ಶಾಲೆಗಳಿಂದ ಧರ್ಮಬೋಧನೆಯನ್ನು ಹೊರಗಿಟ್ಟು, ಆ ಶಾಲೆಗಳ ಖರ್ಚಿಗೆ ಎಲ್ಲರ ಮೇಲೂ ತೆರಿಗೆ ಹಾಕಿದಾಗ ಕ್ಯಾಥೊಲಿಕರಾದ ಇವರು ತೆರಿಗೆ ಕಟ್ಟಲು ಒಪ್ಪಲಿಲ್ಲ. ಜಗಳ ಬೆಳೆಯುತ್ತಾ ಹೋಗಿ 1875ರ ಜನವರಿಯಲ್ಲಿ ಕಾರಾಕೆಟ್‌ನಲ್ಲಿ ಗುಂಡು ಹಾರಿತು. ಲೂಯಿ ಮೈಯೂ ಎಂಬ ಅಕೇಡಿಯನ್ ಯುವಕ ಮತ್ತು ಎದುರು ಪಡೆಯ ಜಾನ್ ಗಿಫರ್ಡ್ ಸತ್ತರು. ಶಾಲೆಯ ವಿಷಯಕ್ಕೆ ಎರಡು ಹೆಣ ಬಿದ್ದ ಊರಿನಲ್ಲಿ ಶಿಕ್ಷಕರ ಸಂಘವನ್ನು ಸಂಬಳ ಹೆಚ್ಚಿಸಿಕೊಳ್ಳುವ ಕೂಟ ಎಂದಷ್ಟೇ ನೋಡಲಾಗದು ಎಂದು ನನಗೆ ಆಗ ಅನ್ನಿಸಿತು. ಮುಂದಿನ ಕಥೆ ನನಗೆ ಸ್ವಲ್ಪ ಗೊತ್ತಿತ್ತು: 1963ರಲ್ಲಿ ಮಾಂಕ್ಟನ್ ವಿಶ್ವವಿದ್ಯಾಲಯ, 1969ರಲ್ಲಿ ಎರಡು ಅಧಿಕೃತ ಭಾಷೆಗಳ ಕಾನೂನು, 1993ರಲ್ಲಿ ಎರಡೂ ಭಾಷಾ ಸಮುದಾಯಗಳ ಸಮಾನತೆಗೆ ಸಂವಿಧಾನದಲ್ಲೇ ಜಾಗ. ಆ ಕೊನೆಯ ಘಟನೆಯಾದ ಎರಡು ವರ್ಷಕ್ಕೆ ಲೋಸಿಯೆ-ಕೂಲ್ ಸೆನೆಟ್‌ನಲ್ಲಿ ಕುಳಿತಿದ್ದರು.

ಕಾರಾಕೆಟ್‌ನ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಂಜೆ 5 ಗಂಟೆ 55 ನಿಮಿಷಕ್ಕೆ, ಅಂದರೆ ರೈಲ್ವೆ ಲೆಕ್ಕದ 17:55ಕ್ಕೆ, ಗಡೀಪಾರಿನ ವರ್ಷದ ನೆನಪಿಗಾಗಿ ತ್ಯಾಂತಮಾರ್ ಆರಂಭವಾಗುತ್ತದೆ. ಜನ ತಪ್ಪಲೆ, ಮುಚ್ಚಳ, ತಗಡಿನ ಡಬ್ಬ, ಪೀಪಿ, ಕೈಗೆ ಸಿಕ್ಕಿದ್ದನ್ನೆಲ್ಲ ಬಡಿಯುತ್ತಾ, ನಾವಿನ್ನೂ ಇಲ್ಲೇ ಇದ್ದೇವೆ ಎಂದು ಸಾರುತ್ತಾ ನಡೆಯುತ್ತಾರೆ. ಗಲ್ಲಕ್ಕೆ ನೀಲಿ, ಬಿಳಿ, ಕೆಂಪು ಬಣ್ಣ ಬಳಿದು ಹಳದಿ ನಕ್ಷತ್ರ ಬರೆದುಕೊಂಡ ಮಕ್ಕಳ ನಡುವೆ ಮೇಷ್ಟ್ರು ಚೀಲದಿಂದ ತೆಗೆದದ್ದು ಮರದ ಹಿಡಿಯ ಹಿತ್ತಾಳೆಯ ಕೈಗಂಟೆಯನ್ನು. ಹಿಡಿ ಬೆವರಿನಿಂದ ಕಪ್ಪಾಗಿತ್ತು, ಬಾಯಿಯ ಅಂಚು ಒಂದು ಕಡೆ ಜಜ್ಜಿತ್ತು. ಶಾಲೆ ಮುಚ್ಚಿದಾಗ ಮನೆಗೆ ತಂದಿಟ್ಟುಕೊಂಡದ್ದಂತೆ. ಆ ಗಂಟೆ ಬಾರಿಸುತ್ತಿದ್ದ ಶಾಲೆಯಲ್ಲಿ ತಾವು ಹುಡುಗನಾಗಿದ್ದಾಗ ಫ್ರೆಂಚ್ ಮಾತನಾಡುವ ಶಿಕ್ಷಕಿ ಇಂಗ್ಲಿಷ್ ಪಠ್ಯಪುಸ್ತಕ ಹಿಡಿದು ಪಾಠ ಮಾಡುತ್ತಿದ್ದರು ಎಂದು ಅವರು ಆ ಗದ್ದಲದಲ್ಲಿ ನನ್ನ ಕಿವಿಗೆ ಬಾಯಿ ಹಚ್ಚಿ ಹೇಳಿದರು. ನನಗೂ ಒಂದು ಸೌಟು, ಒಂದು ತಟ್ಟೆ ಸಿಕ್ಕಿತು.

ರಾತ್ರಿ ಊಟಕ್ಕೆ ಕುಳಿತಾಗ, ಕೋಳಿ ಮತ್ತು ಆಲೂಗಡ್ಡೆ ಬೇಯಿಸಿದ ಫ್ರಿಕೋ ಸಾರಿನ ಬಟ್ಟಲನ್ನು ಮುಂದಿಟ್ಟುಕೊಂಡು, ಬೆಳಗಿನಿಂದ ಮನಸ್ಸಿನಲ್ಲಿದ್ದ ತಕರಾರನ್ನು ಎತ್ತಿದೆ. ಕೆನಡಾದ ಸೆನೆಟ್‌ನ 105 ಸ್ಥಾನಗಳಲ್ಲಿ ಒಂದಕ್ಕೂ ಚುನಾವಣೆಯಿಲ್ಲ. ಒಮ್ಮೆ ನೇಮಕವಾದವರು 75 ತುಂಬುವವರೆಗೆ ಇರಬಹುದು. ಜನರ ಮತ ಕೇಳದೆ ಬಂದವರನ್ನು ಜನನಾಯಕಿ ಎನ್ನುವುದು ಹೇಗೆ? ನಮ್ಮ ಕರ್ನಾಟಕದ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7ಕ್ಕೆ ಶಿಕ್ಷಕರೇ ಮತ ಹಾಕಿ ಆರಿಸುತ್ತಾರೆ ಎಂದೂ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಮೇಷ್ಟ್ರಿಗೆ ಇದು ಬಹಳ ಹಿಡಿಸಿತು. ಹಳ್ಳಿಯ ಪ್ರಾಥಮಿಕ ಶಾಲೆಯ ಶಿಕ್ಷಕರೂ ಮತ ಹಾಕುತ್ತಾರೆಯೇ ಎಂದು ಕೇಳಿದರು. ಇಲ್ಲ, ಪ್ರೌಢಶಾಲೆ ಮತ್ತು ಅದಕ್ಕಿಂತ ಮೇಲಿನವರಿಗೆ ಮಾತ್ರ ಎಂದಾಗ ಅವರ ಮುಖದಲ್ಲಿ ಸಣ್ಣ ನಗೆ ಮೂಡಿತು. "ನಮ್ಮ ಸಂಘದಲ್ಲಿ ಅವರಿಗೂ ಮತವಿತ್ತು" ಎಂದರು.

ಪ್ರಾಂತ್ಯದಲ್ಲಿ ಮೂರರಲ್ಲಿ ಒಂದು ಪಾಲಿನಷ್ಟಿರುವ ಸಮುದಾಯಕ್ಕೆ ಚುನಾವಣೆಯ ಲೆಕ್ಕಾಚಾರಕ್ಕೆ ಸಿಗದ ಒಂದು ಕುರ್ಚಿ ಬೇಕಾಗುತ್ತದೆ ಎಂಬ ಅವರ ಮಾತನ್ನು ನಾನು ಒಪ್ಪಿದೆ. 1885ರಲ್ಲಿ ಪಾಸ್ಕಲ್ ಪೊಯರಿಯೆ ಮೊದಲ ಅಕೇಡಿಯನ್ ಸೆನೆಟರ್ ಆದಾಗಿನಿಂದ ಆ ಕುರ್ಚಿಗಳು ಅವರಿಗೆ ಒದಗಿಬಂದಿವೆ. ಆದರೆ ಆ ಕುರ್ಚಿ ಪ್ರಧಾನಿಯ ಕೃಪೆಯಿಂದ ಸಿಗುವಂಥದ್ದು ಎಂಬ ನನ್ನ ಆಕ್ಷೇಪ ಹಾಗೆಯೇ ಉಳಿಯಿತು, ಅವರೂ ಅದನ್ನು ಅಲ್ಲಗಳೆಯಲಿಲ್ಲ. ಲೋಸಿಯೆ-ಕೂಲ್ 2012ರ ಜೂನ್‌ನಲ್ಲಿ 75 ತುಂಬಿದ ದಿನ ನಿವೃತ್ತರಾದರು. ಈಗ ಸ್ವತಂತ್ರ ಸಲಹಾ ಮಂಡಳಿಯೊಂದು ಹೆಸರುಗಳನ್ನು ಸೂಚಿಸುತ್ತದೆ, ಅರ್ಹರು ಯಾರು ಬೇಕಾದರೂ ಅರ್ಜಿ ಹಾಕಬಹುದು. ನೀವೂ ಒಂದು ಅರ್ಜಿ ಹಾಕಬಾರದೇ ಎಂದು ಹೊರಡುವಾಗ ಕೇಳಿದೆ. ಗಂಟೆಯನ್ನು ಚೀಲಕ್ಕೆ ಹಾಕಿಕೊಳ್ಳುತ್ತಾ, ಹೋದ ಚಳಿಗಾಲದಲ್ಲೇ ತಮಗೆ 76 ತುಂಬಿತೆಂದು ಮೇಷ್ಟ್ರು ಹೇಳಿದರು.