ಗೋಯ್ಕೋವಿನ ಹೆಂಡತಿ
ಆಫೀಸ್ ಕೆಲಸದ ಮೇಲೆ ಬೆಲ್‌ಗ್ರೇಡಿನಲ್ಲಿದ್ದಾಗ ಒಂದು ಭಾನುವಾರ, ಜೊತೆಗೆ ಕೆಲಸ ಮಾಡುವ ಗೆಳತಿ ಕಾರಿನಲ್ಲಿ ತರ್ಶಿಚ್ ಎಂಬ ಹಳ್ಳಿಗೆ ಕರೆದುಕೊಂಡು ಹೋದಳು. ವುಕ್ ಕರಾಜಿಚ್ 1787ರಲ್ಲಿ ಹುಟ್ಟಿದ ಊರು ಅದು. ಹಾಡುವವರನ್ನು ಹುಡುಕಿ ಹುಡುಕಿ ಸೆರ್ಬಿಯಾದ ಜನಪದ ಹಾಡುಗಳನ್ನು ಬರೆದಿಟ್ಟವರು ಅವರು. ಅವರ ಮರದ ಮನೆ ನೋಡಲು ಹತ್ತು ನಿಮಿಷ ಸಾಕಾಯಿತು. ಹೊರಗೆ ಬಂದರೆ, ಬೆಂಚಿನ ಮೇಲೆ ಒಬ್ಬ ತಾತ ಗುಸ್ಲೆ ಎಂಬ ವಾದ್ಯ ಹಿಡಿದು ಕೂತಿದ್ದರು.

ಗುಸ್ಲೆಗೆ ಇರುವುದು ಒಂದೇ ತಂತಿ. ಅದೂ ಲೋಹದ್ದಲ್ಲ, ಕುದುರೆ ಕೂದಲು. ಮರದ ಬುರುಡೆಗೆ ಚರ್ಮ ಬಿಗಿದಿರುತ್ತಾರೆ. ಮೊದಲು ಕೇಳಿದಾಗ ಬಾಗಿಲು ಕಿರ್ರೆಂದ ಹಾಗಿತ್ತು, ಸುಳ್ಳು ಯಾಕೆ ಹೇಳಲಿ? ಆಮೇಲೆ ತಾತ ಬಾಯಿ ತೆರೆದರು. ಗೆಳತಿ ನನ್ನ ಬೆರಳು ಹಿಡಿದು ಎಣಿಸಿ ತೋರಿಸಿದಳು. ಸಾಲಿಗೆ ಹತ್ತೇ ಅಕ್ಷರ. ನಾಲ್ಕು, ಸಣ್ಣ ತಡೆ, ಮತ್ತೆ ಆರು. ಸಾಲು ಮುಗಿದಂತೆಲ್ಲ ಅವಳು ಕಿವಿಯಲ್ಲಿ ಅರ್ಥ ಹೇಳುತ್ತಾ ಹೋದಳು.

ಮೂವರು ಅಣ್ಣತಮ್ಮಂದಿರು ಸ್ಕಾದರ್ ಕೋಟೆ ಕಟ್ಟುತ್ತಾರೆ. ಹಗಲು ಕಟ್ಟಿದ್ದನ್ನು ರಾತ್ರಿ ವೀಲ ಎಂಬ ಬೆಟ್ಟದ ಮೋಹಿನಿ ಕೆಡವುತ್ತಾಳೆ. ನಾಳೆ ಯಾರ ಹೆಂಡತಿ ಊಟ ತರುತ್ತಾಳೋ ಅವಳನ್ನು ಗೋಡೆಯಲ್ಲಿಟ್ಟು ಕಟ್ಟಬೇಕು, ಮನೆಯಲ್ಲಿ ಯಾರೂ ಬಾಯಿಬಿಡಬಾರದು ಎಂದು ಮಾತಾಗುತ್ತದೆ. ಅಣ್ಣಂದಿರಿಬ್ಬರೂ ಹೆಂಡತಿಯರಿಗೆ ಹೇಳಿಬಿಡುತ್ತಾರೆ. ಕಿರಿಯವನು ಗೋಯ್ಕೋ ಮಾತ್ರ ಮಾತು ಉಳಿಸಿಕೊಳ್ಳುತ್ತಾನೆ. ಕಿರಿಸೊಸೆ ಬುತ್ತಿ ತರುತ್ತಾಳೆ. ಮೊಣಕಾಲಿನವರೆಗೆ ಕಲ್ಲು ಬಂದರೂ ತಮಾಷೆ ಅಂದುಕೊಂಡು ನಗುತ್ತಲೇ ಇರುತ್ತಾಳೆ. ಸೊಂಟಕ್ಕೆ ಬಂದಾಗ ಗೊತ್ತಾಗುತ್ತದೆ. ಕೊನೆಗೆ ಮೇಸ್ತ್ರಿಯನ್ನು ಬೇಡಿಕೊಳ್ಳುತ್ತಾಳೆ: ಮಗುವಿಗೆ ಹಾಲು ಕುಡಿಸಲು ಎದೆ ಹತ್ತಿರ ಕಿಂಡಿ ಬಿಡು, ಮನೆ ಕಡೆ ನೋಡಲು ಕಣ್ಣಿನ ಹತ್ತಿರ ಇನ್ನೊಂದು.

ನನಗೆ ಗಂಟಲು ಕಟ್ಟಿತು. ಇದು ನಮ್ಮ 'ಕೆರೆಗೆ ಹಾರ'ವೇ ಅಲ್ವಾ! ಅಲ್ಲೂ ಕಿರಿಸೊಸೆಯೇ. ಗಂಡ ದಂಡಿಗೆ ಹೋಗಿರುತ್ತಾನೆ. ಮರೆತ ಬಂಗಾರದ ಬಟ್ಟಲು ತರಲು ಅವಳೊಬ್ಬಳನ್ನೇ ಕೆರೆಗೆ ಕಳಿಸುತ್ತಾರೆ. ಹಾಡು ಮುಗಿದ ಮೇಲೆ ಗೆಳತಿಗೆ ಅದನ್ನೆಲ್ಲ ಹೇಳಿದೆ. ಗಂಡ ವಾಪಸು ಬಂದು ತಾನೂ ಕೆರೆಗೆ ಹಾರಿದ ಎಂದಾಗ ಅವಳು ತಾತನ ಕಡೆ ತಿರುಗಿ ಅದನ್ನು ತಮ್ಮ ಭಾಷೆಯಲ್ಲಿ ಹೇಳಿದಳು. ಅವರು ತಲೆ ಅಲ್ಲಾಡಿಸಿದರು, ಮಾತಾಡಲಿಲ್ಲ.

"ನಿಮ್ಮ ಹಾಡಿನ ಹುಡುಗಿಯ ಹೆಸರೇನು?" ಎಂದೆ.

"ಗೋಯ್ಕೋವಿತ್ಸ. ಅಂದರೆ ಗೋಯ್ಕೋವಿನ ಹೆಂಡತಿ. ಅವಳದೇ ಅಂತ ಬೇರೆ ಹೆಸರಿಲ್ಲ. ನಿಮ್ಮವಳಿಗೆ?"

"ಭಾಗೀರಥಿ."

ದಾರಿಯುದ್ದಕ್ಕೂ ಸ್ಟೀರಿಂಗ್ ಹಿಡಿದುಕೊಂಡೇ ಹೇಳಿ ನೋಡುತ್ತಿದ್ದಳು. ಬಗಿರತಿ, ಬಾಗಿರತಿ. ಬೆಲ್‌ಗ್ರೇಡ್ ಮುಟ್ಟುವಷ್ಟರಲ್ಲಿ 'ಭಾ' ಸರಿಯಾಗಿತ್ತು.