ಲೈವ್ ಪ್ರಾಗ್ ರಾಕ್ 5.1 ಮಿಕ್ಸ್: 9ರಲ್ಲಿ 6 ಹಾಡು ಆಯ್ತು, ಹಿಂದಿನ ಸ್ಪೀಕರ್ ಈಗ ಅರ್ಥ ಆಗ್ತಿದೆ

ಸ್ನೇಹಿತರ ಶೋ ರೆಕಾರ್ಡಿಂಗನ್ನ 5.1ಗೆ, ಅಂದ್ರೆ ಮುಂದೆ ಮೂರು, ಹಿಂದೆ ಎರಡು ಸ್ಪೀಕರ್, ಜೊತೆಗೆ ಒಂದು ಸಬ್‌ವೂಫರಿಗೆ ಮಿಕ್ಸ್ ಮಾಡ್ತಿದೀನಿ, ಅದ್ರ ಬಗ್ಗೆ ಎರಡು ತಿಂಗಳಾಯ್ತು ಏನೂ ಬರೀದೆ. ಕೆಲಸ ನಿಂತಿರ್ಲಿಲ್ಲ, ರಾತ್ರಿ ಊಟ ಆದ್ಮೇಲೆ ದಿನಾ ಒಂದೊಂದು ಗಂಟೆ ಕೂರ್ತಿದ್ದೆ, ಆದ್ರೆ ಕೇಳಿದ ತಕ್ಷಣ ಹೌದು ಇದೇ ಆ ಸಂಜೆ ಅನ್ನೋ ಥರ ಒಂದು ಹಾಡೂ ಬಂದಿರ್ಲಿಲ್ಲ. ಈಗ 9ರಲ್ಲಿ 6 ಬಂದಿವೆ, ಅದಕ್ಕೆ ಬರೀತಿದೀನಿ.

ಹೊಸದಾಗಿ ಓದೋರಿಗೆ ಚಿಕ್ಕದಾಗಿ ಹೇಳ್ಬಿಡ್ತೀನಿ. ಸ್ನೇಹಿತರ ಪ್ರಾಗ್ ರಾಕ್ (ಉದ್ದುದ್ದ ಹಾಡು, ಬದಲಾಗೋ ತಾಳದ ರಾಕ್) ಬ್ಯಾಂಡು, ಐದು ಜನ, ಡ್ರಮ್ಸ್ ಬೇಸ್ ಗಿಟಾರ್ ಕೀಬೋರ್ಡ್, ಐದನೆಯವಳು ಹಾಡ್ತಾಳೆ ಜೊತೆಗೆ ವಯಲಿನ್ ನುಡಿಸ್ತಾಳೆ. ಬೆಂಗಳೂರಲ್ಲಿ ಒಂದು ಕಾಲೇಜ್ ಆಡಿಟೋರಿಯಮ್ಮಲ್ಲಿ 1 ಗಂಟೆ 50 ನಿಮಿಷದ ಶೋ ಮಾಡಿದ್ರು. ಮಿಕ್ಸಿಂಗ್ ಕನ್ಸೋಲಿಂದ ನೇರ ಲ್ಯಾಪ್‌ಟಾಪಿಗೆ 24 ಟ್ರ್ಯಾಕ್, 24 ಬಿಟ್, 48 ಕಿಲೋಹರ್ಟ್ಸ್, ಎಲ್ಲಾ ಸೇರಿ ಸುಮಾರು 23 ಜಿಬಿ. ಇದಲ್ಲದೆ ಸ್ಟೇಜಿಂದ 17 ಮೀಟರ್ ದೂರದಲ್ಲಿ, ಸೌಂಡ್ ಟೇಬಲ್ ಪಕ್ಕ, ಜನರ ಮಧ್ಯೆ ನಾನೇ ಎರಡು ಮೈಕ್ ನಿಲ್ಸಿದ್ದೆ, ಅದು ಬೇರೆ ರೆಕಾರ್ಡರಿಗೆ ಹೋಗಿತ್ತು. ಇವತ್ತಿನ ಕಥೆ ಬಹುಪಾಲು ಆ ಎರಡು ಮೈಕಿನದ್ದೇ.

ರೂಮಿನ ವಿಷಯ ಬೇಗ ಮುಗಿಸ್ತೀನಿ. 11 ಅಡಿ 10 ಅಡಿ ರೂಮು. ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆ) ಹೇಳೋ ಪ್ರಕಾರ ಮುಂದಿನ ಎಡ ಬಲದ ಎರಡು ಸ್ಪೀಕರ್ ನೇರ ಎದುರಿಂದ 30 ಡಿಗ್ರಿಗೆ, ಹಿಂದಿನವು 110 ಡಿಗ್ರಿ ಆಸುಪಾಸಲ್ಲಿ, ಎಲ್ಲವೂ ಕಿವಿಯಿಂದ ಒಂದೇ ದೂರದಲ್ಲಿ ಇರ್ಬೇಕು. ಬಲಗಡೆ ಹಿಂದೆ ಬೀರು ಇರೋದ್ರಿಂದ ಆ ಸ್ಪೀಕರ್ 40 ಸೆಂಟಿಮೀಟರ್ ಹತ್ರ ಬಂದ್ಬಿಟ್ಟಿತ್ತು, ಅದಕ್ಕೆ 1.2 ಮಿಲಿಸೆಕೆಂಡ್ ಡಿಲೇ ಕೊಟ್ಟು ಸರಿ ಮಾಡ್ದೆ. ಪಿಂಕ್ ನಾಯ್ಸ್ (ಪರೀಕ್ಷೆಗೆ ಬಳಸೋ ಒಂದೇ ಸಮನೆ ಸದ್ದು) ಹಾಕಿ ಒಂದೊಂದನ್ನೂ 76 ಡಿಬಿಗೆ ತಂದೆ, ಚಿಕ್ಕ ರೂಮಿಗೆ ಅಷ್ಟು ಸಾಕು, ಜಾಸ್ತಿ ಮಾಡಿದ್ರೆ ಕಿವಿ ಬೇಗ ಸುಸ್ತಾಗತ್ತೆ.

ಈಗ ಆ ಮೈಕುಗಳು. ಮೊದಲನೇ ತೊಂದರೆ ಗಡಿಯಾರದ್ದು. ಕನ್ಸೋಲಿನ ಕ್ಲಾಕ್ ಬೇರೆ, ರೆಕಾರ್ಡರಿನ ಕ್ಲಾಕ್ ಬೇರೆ, ಎರಡೂ 48 ಕಿಲೋಹರ್ಟ್ಸ್ ಅಂತಾನೇ ಹೇಳಿದ್ರೂ ಎರಡೂ ಒಂದೇ ವೇಗದಲ್ಲಿ ಓಡಲ್ಲ. ಮೊದಲ ಹಾಡಿನ ಸ್ನೇರ್ (ಚೂಪು ಸದ್ದಿನ ಡ್ರಮ್) ಏಟಿಗೆ ಕರೆಕ್ಟಾಗಿ ಕೂರಿಸಿದೆ, ಕೊನೆ ಹಾಡಿಗೆ ಹೋಗಿ ನೋಡಿದ್ರೆ ಅದೇ ಸ್ನೇರ್ 118 ಮಿಲಿಸೆಕೆಂಡ್ ಹಿಂದೆ ಬಿದ್ದಿತ್ತು. ಲೆಕ್ಕ ಹಾಕಿದ್ರೆ ಹತ್ತು ಲಕ್ಷಕ್ಕೆ 18 ಭಾಗ ಅಷ್ಟೇ ವ್ಯತ್ಯಾಸ, ಆದ್ರೆ 1 ಗಂಟೆ 50 ನಿಮಿಷದಲ್ಲಿ ಅದು ಸೇರಿ ಸೇರಿ ಇಷ್ಟಾಗಿದೆ. ಮೊದಲು ಹಾಡು ಹಾಡಿಗೂ ಕತ್ತರಿಸಿ ಎಳೆದು ಕೂರಿಸ್ತಾ ಇದ್ದೆ, 14 ನಿಮಿಷದ ಹಾಡಲ್ಲಿ ಅಷ್ಟರೊಳಗೇ 15 ಮಿಲಿಸೆಕೆಂಡ್ ಜಾರ್ತಿತ್ತು, ಆಮೇಲೆ ರೀಪರ್ ಅನ್ನೋ ಆಡಿಯೋ ಸಾಫ್ಟ್‌ವೇರಲ್ಲಿ ಇಡೀ ಫೈಲಿನ ಪ್ಲೇಬ್ಯಾಕ್ ರೇಟನ್ನ 1.000018 ಮಾಡಿದೆ, ಅಲ್ಲಿಗೆ ಮುಗೀತು. ಮುಂದೆ ಯಾರಾದ್ರೂ ಮಾಡೋದಿದ್ರೆ ಆಡಿಯನ್ಸ್ ಮೈಕನ್ನೂ ಕನ್ಸೋಲಿಗೇ ಹಾಕಿ, ಎರಡು ಚಾನೆಲ್ ಖಾಲಿ ಇಟ್ಕೊಳ್ಳಿ, ಉದ್ದ ಕೇಬಲ್ ಎಳೆಯೋ ಕಷ್ಟ ಪಡಿ.

ಎರಡನೇದು ದೂರದ್ದು, ಇದ್ರಲ್ಲೇ ನಾನು ಒಂದೂವರೆ ತಿಂಗಳು ಸಿಕ್ಕಾಕೊಂಡಿದ್ದು. ಸದ್ದು 17 ಮೀಟರ್ ಬರೋಕೆ ಹತ್ತತ್ರ 49 ಮಿಲಿಸೆಕೆಂಡ್ ತಗೊಳ್ಳತ್ತೆ. ಚಿಕ್ಕವನಿದ್ದಾಗ ಹೊನ್ನಾವರದ ಕಡೆ ಬಯಲಾಟಕ್ಕೆ ಹೋದಾಗ ಗದ್ದೆಯ ಆಚೆ ತುದೀಲಿ ನಿಂತು ನೋಡಿದ್ರೆ ಚೆಂಡೆಯವರ ಕೈ ಮೊದಲು ಬೀಳ್ತಿತ್ತು, ಸದ್ದು ಆಮೇಲೆ ಬರ್ತಿತ್ತು, ಅದೇ ಇದು. ಆ ಮೈಕುಗಳನ್ನ ಇದ್ದ ಹಾಗೇ ಹಿಂದಿನ ಸ್ಪೀಕರಿಗೆ ಹಾಕಿದ್ರೆ ಪ್ರತಿ ಸ್ನೇರ್ ಏಟಿಗೂ ಹಿಂದಿಂದ ಇನ್ನೊಂದು ಟಪ್ ಅಂತ ಬರತ್ತೆ, ಡ್ರಮ್ಮರ್ ಅಷ್ಟು ಚೂಪಾಗಿ ನುಡಿಸಿರೋದೆಲ್ಲ ಕಲಸಿ ಹೋಗತ್ತೆ. ಸರಿ ಅಂತ ಪೂರ್ತಿ 49 ಮುಂದಕ್ಕೆ ಎಳೆದೆ. ಟಪ್ ಹೋಯ್ತು, ಜೊತೆಗೆ ಹಾಲೂ ಹೋಯ್ತು! ಆಡಿಟೋರಿಯಂ ಕುಗ್ಗಿ ನನ್ನ ರೂಮಿನಷ್ಟೇ ಆಯ್ತು, ದನಿ ಟೊಳ್ಳು ಟೊಳ್ಳಾಯ್ತು, ಯಾಕಂದ್ರೆ ಒಂದೇ ಸದ್ದು ಮುಂದಿನ ಮೈಕಿಂದಲೂ ಹಿಂದಿನ ಮೈಕಿಂದಲೂ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಬಂದು ಒಂದನ್ನೊಂದು ತಿಂದು ಹಾಕ್ತವೆ.

ಪೂರ್ತಿ ಎಳೀದೆ 5 ಮಿಲಿಸೆಕೆಂಡ್ ತಡ, 10, 25, 30 ಎಲ್ಲಾ ಇಟ್ಟು ನೋಡ್ದೆ, ಕೊನೆಗೆ 18 ಉಳ್ಸ್ಕೊಂಡೆ. ಅಷ್ಟಿದ್ರೆ ಕಿವಿ ಮುಂದಿನ ಸದ್ದನ್ನೇ ಮೂಲ ಅಂತ ಹಿಡ್ಕೊಳ್ಳತ್ತೆ, ಹಿಂದಿನದನ್ನ ಎರಡನೇ ಏಟು ಅಂತ ಎಣಿಸಲ್ಲ, ಬರೀ ಜಾಗ ಅಂತ ತಗೊಳ್ಳತ್ತೆ. ಅದ್ರ ಜೊತೆ ಆ ಮೈಕುಗಳಲ್ಲಿ 150 ಹರ್ಟ್ಸ್‌ಗಿಂತ ಕೆಳಗಿನದನ್ನೆಲ್ಲ ಕತ್ತರಿಸಿದೆ, ಹಾಲಲ್ಲಿ ಸಬ್‌ವೂಫರ್‌ಗಳ ಗುಂಯ್ ಅನ್ನೋದು ಮಿಕ್ಸಿಗೆ ಬಂದ್ರೆ ಬೇಸ್ ಗಿಟಾರಿನ ಒಂದು ಸ್ವರವೂ ತಿಳಿಯಲ್ಲ. ಆ ರಾತ್ರಿ ಕಣ್ಮುಚ್ಚಿ ಕೇಳಿದಾಗ ಬೀರು ಇದ್ದ ಗೋಡೆ ಇಲ್ಲ ಅನ್ನಿಸ್ತು.

ಆದ್ರೆ ನಾಲ್ಕನೇ ಹಾಡಲ್ಲಿ ಇದೂ ಕೈ ಕೊಡ್ತು. ಅದು 7ರ ಲೆಕ್ಕದ ಹಾಡು, ತಕಿಟ ತಕಧಿಮಿ ಅಂತ ಬಾಯಲ್ಲಿ ಹೇಳ್ಕೊಂಡ್ರೆ ಮಿಶ್ರ ಚಾಪು ಥರಾನೇ ಓಡತ್ತೆ, ನಡುವೆ ಬರೀ ಬೇಸ್ ಉಳಿದಾಗ ಜನ ಚಪ್ಪಾಳೆ ಶುರು ಮಾಡಿದಾರೆ, ಅದೂ ತಪ್ಪದೆ 3 ಮತ್ತು 4ರ ತಲೆ ಮೇಲೆ. ನನಗೆ ಇಡೀ ರೆಕಾರ್ಡಿಂಗಲ್ಲಿ ಅತಿ ಪ್ರೀತಿಯ ಜಾಗ ಅದು. 18 ಮಿಲಿಸೆಕೆಂಡ್ ಇಟ್ಟಾಗ ಆ ಚಪ್ಪಾಳೆ ಕಾಲೆಳೀತಿದೆ. ಯೋಚನೆ ಮಾಡಿದ್ರೆ ಸರಿಯಾಗೇ ಇದೆ, ಅಲ್ಲಿ ಕೂತಿರೋರಿಗೆ ಬೇಸ್ ಕೇಳ್ಸಿದ್ದೇ 49 ತಡವಾಗಿ, ಅವರು ತಮಗೆ ಕೇಳ್ಸಿದ್ದಕ್ಕೆ ಕರೆಕ್ಟಾಗಿ ತಟ್ಟಿದಾರೆ, ಮೈಕ್ ಅವರ ಪಕ್ಕದಲ್ಲೇ ಇದೆ. ಹಾಗಾಗಿ ಆ 40 ಸೆಕೆಂಡ್ ಮಾತ್ರ ಪೂರ್ತಿ 49 ಎಳೆದು ಕೂರಿಸಿ, ಡ್ರಮ್ಸ್ ವಾಪಸ್ ಬರೋ ಮುಂಚಿನ ಕೂಗಾಟದೊಳಗೆ ಜೋಡಣೆ ಮುಚ್ಚಿಟ್ಟು, ಮತ್ತೆ 18ಕ್ಕೆ ಬಿಟ್ಟೆ. ಈಗ ಅವರೂ ಬ್ಯಾಂಡಿನವರೇ ಅನ್ನೋ ಹಾಗೆ ಬಡೀತಾರೆ.

ಜನರ ಸದ್ದು ಬೇಕಾ ಅಂತ ಕೇಳೋರೂ ಇದಾರೆ. ಬ್ರಿಟಿಷ್ ಪ್ರಾಗ್ ಬ್ಯಾಂಡ್ ಕಿಂಗ್ ಕ್ರಿಮ್ಸನ್ 2016ರಲ್ಲಿ ತಂದ ಲೈವ್ ಬಾಕ್ಸ್ ಸೆಟ್ಟಲ್ಲಿ ಆಡಿಯನ್ಸ್ ಸದ್ದನ್ನ ತೆಗೆದು ಸ್ಟುಡಿಯೋ ಆಲ್ಬಮ್ ಥರ ಮಾಡಿದ್ರು, ಮೂರು ಜನ ಡ್ರಮ್ಮರ್ ಮುಂದೆ ಕೂತು ನುಡಿಸೋ ಆ ಸಂಗೀತಕ್ಕೆ ಅದು ಒಪ್ಪತ್ತೆ, ನಾನು ತುಂಬಾ ಸಲ ಕೇಳಿದೀನಿ. ನಮ್ಮ ಹುಡುಗರದ್ದು ಹಾಗಲ್ಲ, ಜನ ಉಸಿರು ಬಿಡೋದು ಕೇಳಿ ಇವರು ಮುಂದಿನ ಸಾಲು ನಿಧಾನ ಮಾಡಿದ್ದು ಟ್ರ್ಯಾಕಲ್ಲಿ ಸ್ಪಷ್ಟವಾಗಿದೆ. ತೆಗೆದ್ರೆ ಆ ನಿಧಾನಕ್ಕೆ ಕಾರಣಾನೇ ಉಳಿಯಲ್ಲ.

ಮೂರನೇದು ಬ್ಲೀಡ್, ಅಂದ್ರೆ ಒಂದು ವಾದ್ಯದ ಮೈಕಿಗೆ ಇನ್ನೊಂದರ ಸದ್ದು ನುಗ್ಗೋದು. ಪ್ರಾಗ್ ಸರೌಂಡ್ ಅಂದ ತಕ್ಷಣ ಎಲ್ಲಾ ಸುತ್ತಿಸ್ಬೇಕು ಅನ್ಸತ್ತೆ, ನಾನೂ ಮೊದಲ ಹಾಡಲ್ಲಿ ಗಿಟಾರ್ ಸೋಲೋನ ಎಡದಿಂದ ಹಿಂದಕ್ಕೆ ತಿರುಗಿಸ್ದೆ. ಗಿಟಾರ್ ಜೊತೆ ಸಿಂಬಲ್ಲೂ ತಿರುಗ್ತು! ಸ್ಟೇಜ್ ಮೇಲೆ ಆಂಪ್ ಮುಂದಿನ ಮೈಕಿಗೆ ಪಕ್ಕದ ಡ್ರಮ್ಸ್ ಬೇಕಾದಷ್ಟು ನುಗ್ಗಿದೆ, ಸ್ಟುಡಿಯೋಲಿ ಈ ತೊಂದರೆ ಇರಲ್ಲ. ಹಾಡೋ ಮೈಕ್ ಇನ್ನೂ ಕಷ್ಟ, ಅದನ್ನ ಸೆಂಟರ್ ಸ್ಪೀಕರಿಗೆ ಮಾತ್ರ ಹಾಕಿದ್ರೆ ಅವಳು ಬಾಯಿ ತೆರೆದಾಗೆಲ್ಲ ಸಿಂಬಲ್ ಎಲ್ಲಾ ಮಧ್ಯಕ್ಕೆ ಓಡಿ ಬರತ್ತೆ. ಈಗ ದನೀನ ಸೆಂಟರಿಗೂ ಎಡ ಬಲಕ್ಕೂ ಹಂಚಿದೀನಿ, ಸಾಲುಗಳ ನಡುವೆ ಮ್ಯೂಟ್ ಮಾಡೋ ಬದಲು 6 ಡಿಬಿ ಇಳಿಸ್ತೀನಿ, ಪೂರ್ತಿ ಮ್ಯೂಟ್ ಮಾಡಿದ್ರೆ ಡ್ರಮ್ಸಿನ ಬಣ್ಣಾನೇ ಬದಲಾಗತ್ತೆ.

ಹಾಗಾದ್ರೆ ಸುತ್ತಿಸೋಕೆ ಆಗೋದು ಯಾವುದು ಅಂದ್ರೆ ಮೈಕಿಲ್ದೆ ನೇರ ಲೈನಿಂದ ಬಂದದ್ದು. ಕೀಬೋರ್ಡು, ಬೇಸು, ಪಿಕಪ್ (ವಾದ್ಯಕ್ಕೇ ಅಂಟಿಸೋ ಸೆನ್ಸರ್) ಹಾಕಿದ ವಯಲಿನ್. 1967ರ ಮೇ 12ಕ್ಕೆ ಲಂಡನ್ನಿನ ಕ್ವೀನ್ ಎಲಿಜಬೆತ್ ಹಾಲಲ್ಲಿ ಪಿಂಕ್ ಫ್ಲಾಯ್ಡ್ ಮೊದಲ ಸಲ ಜಾಯ್‌ಸ್ಟಿಕ್ ಇರೋ ಪೆಟ್ಟಿಗೆ ಇಟ್ಕೊಂಡು ಹಾಲಿನ ಸುತ್ತ ಸದ್ದು ಓಡಿಸಿದ್ರು, ಅಜಿಮತ್ ಕೋಆರ್ಡಿನೇಟರ್ ಅಂತ ಹೆಸರು, ಅದನ್ನ ಆಡಿಸ್ತಿದ್ದವರು ಕೀಬೋರ್ಡಿನ ರಿಚರ್ಡ್ ರೈಟ್. ಕೀಬೋರ್ಡ್ ಪಕ್ಕಾನೇ ಅದು ಇದ್ದದ್ದು ಈಗ ನನಗೆ ತುಂಬಾ ಸಹಜ ಅನ್ಸತ್ತೆ. ನಾನೂ ಆರನೇ ಹಾಡಿನ ಆರ್ಗನ್ ಭಾಗ ಮಾತ್ರ ಸುತ್ತಿಸಿದೀನಿ, ಒಂದು ಸುತ್ತಿಗೆ ನಾಲ್ಕು ಆವರ್ತ, ಅದಕ್ಕಿಂತ ವೇಗ ಮಾಡಿದ್ರೆ ಸ್ವರ ಕೇಳೋದು ಬಿಟ್ಟು ಓಟಾನೇ ಕೇಳ್ತೀವಿ.

ವಯಲಿನ್ ಮುಟ್ಟಿಲ್ಲ. ಐದನೇ ಹಾಡಿನ ನಡುವೆ ಎಲ್ಲರೂ ನಿಂತು ಅವಳೊಬ್ಬಳೇ ಎರಡು ನಿಮಿಷ ಆಲಾಪನೆ ಥರ ಬಿಡಿಸ್ತಾಳೆ, ಅವಳು ಚಿಕ್ಕಂದಿನಿಂದ ಕರ್ನಾಟಕ ಸಂಗೀತ ಕಲಿತವಳು, ಗಮಕ ಒಂದೂ ಜಾರಿಲ್ಲ. ಹಿಂದಕ್ಕೆ ತರೋಕೆ ಕೈ ತುರಿಸ್ತಿತ್ತು, ಆದ್ರೆ ಒಬ್ಬರು ನಿಂತು ಮನಸ್ಸು ಬಿಚ್ಚಿ ನುಡಿಸೋವಾಗ ಅವರು ನಮ್ಮ ಎದುರಿಗಿರ್ಬೇಕು. ಪಿಕಪ್ ಸದ್ದು ಒಣಗಿರೋದ್ರಿಂದ ರಿವರ್ಬ್ ಮಾತ್ರ ಹಿಂದಕ್ಕೆ ಕಳಿಸಿದೀನಿ.

ಎಲ್‌ಎಫ್‌ಇ (5.1ರ ಆ .1, ಆಳದ ಸದ್ದಿಗೇ ಮೀಸಲು) ಚಾನೆಲಲ್ಲಿ ಸಿಂತ್ ಪೆಡಲ್ ಬೇಸ್ ಎರಡು ಕಡೆ, ಅಷ್ಟೇ. ಸ್ಟೀರಿಯೋಗೆ ಇಳಿಸುವಾಗ ಆ ಚಾನೆಲ್ ಬಹಳ ಸಲ ಬಿಟ್ಟೇ ಹೋಗತ್ತೆ, ಮುಖ್ಯವಾದ್ದು ಅಲ್ಲಿಡಬಾರ್ದು. ಸ್ಟೀರಿಯೋದಲ್ಲಿ ಹಿಂದಿನ ಚಾನೆಲ್ 3 ಡಿಬಿ ಇಳಿದು ಮುಂದಕ್ಕೆ ಸೇರತ್ತೆ, ಆರು ಹಾಡೂ ಹೆಡ್‌ಫೋನಲ್ಲಿ ಹಾಗೆ ಕೇಳಿದೆ, ಐದು ಚೆನ್ನಾಗಿವೆ, ಎರಡನೇ ಹಾಡಲ್ಲಿ ಜನರ ಸದ್ದು ದನಿ ಮೇಲೆ ಬರ್ತಿದೆ, ಇಳಿಸ್ಬೇಕು.

ಹೋದ ಭಾನುವಾರ ಕೀಬೋರ್ಡಿನವನು ಮನೆಗೆ ಬಂದಿದ್ದ. ಕುರ್ಚಿ ಅವನಿಗೆ ಬಿಟ್ಟು ನಾನು ಬಾಗಿಲಲ್ಲಿ ನಿಂತೆ. ಆರ್ಗನ್ ಭಾಗಕ್ಕೆ ಏನೂ ಹೇಳ್ಲಿಲ್ಲ. ನಾಲ್ಕನೇ ಹಾಡಿನ ಚಪ್ಪಾಳೆ ಬಂದಾಗ ಹಿಂದೆ ತಿರುಗಿ ನೋಡ್ದ, ಇನ್ನೊಂದ್ಸಲ ಹಾಕೋ ಅಂದ, ಆ ದಿನ ಸ್ಟೇಜ್ ಮೇಲೆ ಇಯರ್‌ಫೋನ್ ಹಾಕ್ಕೊಂಡಿದ್ದಕ್ಕೆ ಜನ ತಟ್ಟಿದ್ದೇ ಗೊತ್ತಾಗಿರ್ಲಿಲ್ವಂತೆ.

ಉಳಿದಿರೋದು 7, 8 ಮತ್ತು ಆ 14 ನಿಮಿಷದ ಕೊನೇ ಹಾಡು. ಅದ್ರಲ್ಲಿ ಗಿಟಾರ್ ಆಂಪ್ ಮೈಕ್ ಒಂಬತ್ತನೇ ನಿಮಿಷಕ್ಕೆ ಜರುಗಿದೆ, ಅಲ್ಲಿಂದಾಚೆ ಸದ್ದು ಮಂಕು. ಅದನ್ನ ಇಕ್ಯೂ (ಈಕ್ವಲೈಸರ್) ಹಾಕಿ ಎಷ್ಟು ಎತ್ತಬಹುದು ನೋಡಿ ಮುಂದಿನ ಸಲ ಬರೀತೀನಿ.