ರಿಟೈರ್‌ಮೆಂಟ್ ವಿಲೇಜ್ ಷೇರು ಅಗ್ಗಕ್ಕೆ ಸಿಗ್ತಾ ಉಂಟು, ತಗೊಳ್ಳಬಹುದಾ?

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯಿಂದ ನ್ಯೂಜಿಲೆಂಡಿಗೆ ಹೋದ ಹುಡುಗರು ರಜೆಗೆ ಊರಿಗೆ ಬಂದರೆ ನನ್ನಲ್ಲಿ ಕೇಳುವುದು ಇದನ್ನೇ. "ಮಾವ, ಅಲ್ಲಿನ ರಿಟೈರ್‌ಮೆಂಟ್ ವಿಲೇಜ್ ಕಂಪನಿಗಳ ಷೇರು ಬುಕ್ ವ್ಯಾಲ್ಯೂಗಿಂತ ಎಷ್ಟೋ ಕೆಳಗೆ ಉಂಟು. ವಯಸ್ಸಾದವರ ಸಂಖ್ಯೆಯಂತೂ ಏರ್ತಾನೇ ಉಂಟು. ತಗೊಳ್ಳಬಹುದಾ?"

ಬುಕ್ ವ್ಯಾಲ್ಯೂ, ಅಂದರೆ ಕಂಪನಿಯ ಆಸ್ತಿಯಿಂದ ಸಾಲ ಕಳೆದು ಲೆಕ್ಕಪುಸ್ತಕದಲ್ಲಿ ಉಳಿಯುವ ಮೌಲ್ಯ, ಅದೊಂದನ್ನೇ ನೋಡಿ ಖಂಡಿತ ತಗೊಳ್ಳಬೇಡಿ. ಕೈಗೆ ಬರುವ ನಗದು ಎಷ್ಟು ಅಂತ ನೋಡಿ.

ರಿಟೈರ್‌ಮೆಂಟ್ ವಿಲೇಜ್ ಅಂದರೆ ಹಿರಿಯರಿಗೆಂದೇ ಕಟ್ಟಿದ ವಸತಿ. ವ್ಯಾಪಾರ ಕೆಟ್ಟದ್ದಲ್ಲ. ಅಲ್ಲಿ ವಯಸ್ಸಾದವರು ಸಾಮಾನ್ಯವಾಗಿ ಮನೆ ಕೊಳ್ಳುವುದಿಲ್ಲ, ಅದರಲ್ಲಿ ಇರುವ ಹಕ್ಕನ್ನು ಕೊಳ್ಳುತ್ತಾರೆ. ಇದಕ್ಕೆಂದೇ 2003ರ ಕಾಯ್ದೆ ಇದೆ. ಒಬ್ಬರು 8 ಲಕ್ಷ ಡಾಲರ್ ಕೊಟ್ಟು ಬಂದರು ಅಂತಿಟ್ಟುಕೊಳ್ಳಿ. ಅವರು ಬಿಟ್ಟು ಹೋದಾಗ ಅಥವಾ ತೀರಿಕೊಂಡಾಗ ಕಂಪನಿ ಶೇಕಡಾ 20ರಿಂದ 30ರಷ್ಟು ಮುರಿದುಕೊಂಡು ಉಳಿದದ್ದನ್ನು ವಾಪಸು ಕೊಡುತ್ತದೆ. 30 ಅಂದರೆ 2.4 ಲಕ್ಷ ಡಾಲರ್. ಅದೇ ಮನೆಯನ್ನು ಮುಂದಿನವರಿಗೆ 10 ಲಕ್ಷಕ್ಕೆ ಕೊಟ್ಟರೆ ಮೇಲಿನ 2 ಲಕ್ಷವೂ ಹೆಚ್ಚಾಗಿ ಕಂಪನಿಗೇ. ಅಷ್ಟು ವರ್ಷ ಕೈಯಲ್ಲಿದ್ದ ಹಣಕ್ಕೆ ಬಡ್ಡಿಯೂ ಕೊಡಬೇಕಾಗಿಲ್ಲ.

ತೊಡಕು ಇರುವುದು ಲಾಭ ಬರೆಯುವ ಕ್ರಮದಲ್ಲಿ. ಮನೆ ಬೆಲೆ ಮುಂದೆ ಎಷ್ಟು ಏರಬಹುದು, ಒಬ್ಬೊಬ್ಬರು ಎಷ್ಟು ವರ್ಷ ಇರಬಹುದು, ಆಮೇಲೆ ಬರುವ ದುಡ್ಡಿಗೆ ಇವತ್ತು ಎಷ್ಟು ಬೆಲೆ ಅಂತ ವ್ಯಾಲ್ಯುಯರ್‌ಗಳು ಅಂದಾಜು ಹಾಕುತ್ತಾರೆ, ಆ ಅಂದಾಜು ಹೋದ ವರ್ಷಕ್ಕಿಂತ ಜಾಸ್ತಿಯಾದರೆ ಜಾಸ್ತಿಯಾದಷ್ಟೂ ಲಾಭ ಅಂತಲೇ ಲೆಕ್ಕಕ್ಕೆ ಸೇರುತ್ತದೆ. ಬುಕ್ ವ್ಯಾಲ್ಯೂ ಏರುವುದೂ ಇದರಿಂದಲೇ. ಆದರೆ ಕೈಗೆ ಒಂದು ಡಾಲರೂ ಬಂದಿರುವುದಿಲ್ಲ.

ನಮ್ಮಲ್ಲೇ ನೋಡಿ. 2023ರ ಎಪ್ರಿಲ್‌ನಲ್ಲಿ ಕೇರಳ ಸರಕಾರ ಭೂಮಿಯ ನ್ಯಾಯಬೆಲೆಯನ್ನು, ಅಂದರೆ ನೋಂದಣಿಗೆ ತಾನೇ ನಿಗದಿ ಮಾಡುವ ಬೆಲೆಯನ್ನು, ಶೇಕಡಾ 20 ಏರಿಸಿತು. ಅಷ್ಟಕ್ಕೇ ಕೊಳ್ಳುವವರು ಯಾರೂ ಸೆಂಟಿಗೆ ಜಾಸ್ತಿ ಕೊಡಲಿಲ್ಲ. ಏರಿದ್ದು ಆಧಾರದ (ಕ್ರಯಪತ್ರದ) ಖರ್ಚು, ಯಾಕೆಂದರೆ ಮುದ್ರಾಂಕಕ್ಕೆ ಶೇಕಡಾ 8, ನೋಂದಣಿಗೆ 2 ಅಂತ ಕಟ್ಟಬೇಕಲ್ವಾ? ಹೆದ್ದಾರಿ ಬದಿಯ ಜಾಗಕ್ಕೆ ಬ್ರೋಕರ್ ಎಷ್ಟು ಬೇಕಾದರೂ ಹೇಳಲಿ, ಮುಂಗಡ ಕೊಡುವ ಜನ ಬರುವವರೆಗೆ ಅದು ಬಾಯಿಮಾತು.

ರೈಮನ್ ಹೆಲ್ತ್‌ಕೇರ್ 1984ರಲ್ಲಿ ಕ್ರೈಸ್ಟ್‌ಚರ್ಚ್‌ನಲ್ಲಿ ಶುರುವಾದ ದೊಡ್ಡ ಕಂಪನಿ. ವರ್ಷಗಟ್ಟಲೆ ಒಳ್ಳೇ ಲಾಭ ತೋರಿಸಿತು, ಜೊತೆಗೆ ಕಟ್ಟಡಕ್ಕೆ ಮಾಡಿದ ಸಾಲವೂ ಬೆಳೆಯಿತು. 2021ರಲ್ಲಿ ಶೇಕಡಾ 0.25 ಇದ್ದ ಅಲ್ಲಿನ ರಿಸರ್ವ್ ಬ್ಯಾಂಕಿನ ಬಡ್ಡಿದರ 2023ರ ಮೇಯಲ್ಲಿ 5.5ಕ್ಕೆ ಮುಟ್ಟಿತು. ಮನೆ ಮಾರಾಟ ಮಂದವಾಯಿತು. ವಯಸ್ಸಾದವರು ತಮ್ಮ ಸ್ವಂತ ಮನೆ ಮಾರಿ ತಾನೇ ವಿಲೇಜಿಗೆ ಬರುವುದು? ಅದು ಮಾರಿಹೋಗದಿದ್ದರೆ ಇಲ್ಲಿ ಕಟ್ಟಿಟ್ಟ ಮನೆ ಖಾಲಿ, ಸಾಲಕ್ಕೆ ಬಡ್ಡಿ ಮಾತ್ರ ಓಡುತ್ತದೆ. ಕಂಪನಿ 2023ರ ಫೆಬ್ರವರಿಯಲ್ಲಿ 5 ಡಾಲರಿನಂತೆ ಹೊಸ ಷೇರು ಕೊಟ್ಟು 90 ಕೋಟಿ ಡಾಲರ್ ಎತ್ತಿತು, ಡಿವಿಡೆಂಡ್ ನಿಲ್ಲಿಸಿತು. 2025ರ ಫೆಬ್ರವರಿಯಲ್ಲಿ ಮತ್ತೆ 100 ಕೋಟಿ, ಈ ಸಲ ಷೇರಿಗೆ 3.05. ಬುಕ್ ವ್ಯಾಲ್ಯೂ ನಂಬಿ ಕೂತವರ ಪಾಲು ಎಷ್ಟು ತೆಳುವಾಯಿತು ಅಂತ ನೀವೇ ಲೆಕ್ಕ ಹಾಕಿ. ನನಗೆ ಅವರ ಬಗ್ಗೆ ನಿಜವಾಗಿ ಬೇಸರವಿದೆ. ಅವರಲ್ಲಿ ಪಿಂಚಣಿ ದುಡ್ಡು ಹಾಕಿದವರೂ ಇರುತ್ತಾರಲ್ಲ.

ಹಾಗಾಗಿ ವಾರ್ಷಿಕ ವರದಿ ತೆಗೆದರೆ ಲಾಭದ ಸಾಲನ್ನು ಬಿಟ್ಟು ನಗದಿನ ಪಟ್ಟಿಗೆ ಹೋಗಿ. ಹಳೇ ಮನೆಗಳ ಮರುಮಾರಾಟದಿಂದ ಬಂದ ಹಣ ಆಫೀಸಿನ ಖರ್ಚು, ಬಡ್ಡಿ ಎರಡನ್ನೂ ತೂಗಿಸುತ್ತದಾ? ಕಟ್ಟಿ ಮುಗಿದರೂ ಖಾಲಿ ಬಿದ್ದ ಮನೆ ಎಷ್ಟು? ಆಮೇಲೆ ವರದಿಯ ಕೊನೆಯ ಟಿಪ್ಪಣಿಗಳಲ್ಲಿ, ಡಿಸ್ಕೌಂಟ್ ದರ (ಮುಂದೆ ಬರುವ ದುಡ್ಡನ್ನು ಇವತ್ತಿನ ಬೆಲೆಗೆ ಇಳಿಸುವ ದರ) ಅರ್ಧ ಶೇಕಡಾ ಏರಿದರೆ ಆಸ್ತಿಯ ಮೌಲ್ಯ ಎಷ್ಟು ಇಳಿಯುತ್ತದೆ ಅಂತ ಸಣ್ಣ ಪಟ್ಟಿ ಕೊಟ್ಟಿರುತ್ತಾರೆ. ಆ ಇಳಿಕೆಯನ್ನು ಕಳೆದ ಮೇಲೂ ಷೇರು ಅಗ್ಗ ಅನಿಸಿ, ನಗದೂ ಸರಿ ಇದ್ದರೆ ಸ್ವಲ್ಪ ಸ್ವಲ್ಪ ತಗೊಳ್ಳಿ.

ಊರಲ್ಲೇ ಇರುವವರು ಆಶಿಯಾನಾ ಹೌಸಿಂಗ್ ಬಗ್ಗೆ ಕೇಳುತ್ತಾರೆ. ರಾಜಸ್ಥಾನದ ಭಿವಾಡಿಯಲ್ಲಿ ಹಿರಿಯರಿಗೆಂದೇ ವಸತಿ ಕಟ್ಟಿದ ಕಂಪನಿ ಅದು. ಆದರೆ ಅವರು ಫ್ಲಾಟನ್ನೇ ಮಾರುತ್ತಾರೆ, ಮನೆ ಮತ್ತೆ ಕಂಪನಿಯ ಕೈಗೆ ಬರುವ ಲೆಕ್ಕ ಅಲ್ಲಿಲ್ಲ. ಅದನ್ನು ಬೇರೆ ಬಿಲ್ಡರ್‌ಗಳ ಹಾಗೆಯೇ ಬುಕಿಂಗ್, ಜಾಗ, ಸಾಲ ನೋಡಿ ಅಳೆಯಬೇಕು.